ಟೈರ್ ಸುಡದೆ ಮಳೆಗಾಲ ದಾಟಿದ ನಮ್ಮೂರ ಆಲೆಮನೆ

ಮಂಡ್ಯ ಕಡೆ ಮಳೆ ಹಿಡಿದರೆ ಬೆಲ್ಲ ಮಾಡುವ ಆಲೆಮನೆಯ ಹೊಗೆ ಕಪ್ಪಾಗುತ್ತದೆ. ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಅದಕ್ಕೆ ಹಳೇ ಟೈರ್ ಸುಡುತ್ತಾರೆ. ನಮ್ಮೂರಲ್ಲಿ ಆ ಹೊಗೆ ನೇರ ಕಾಲೋನಿಗೆ ಬರುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ ಮಗುವಿನ ಬಟ್ಟೆಯಲ್ಲಿ ಎಳ್ಳಿನಷ್ಟು ದಪ್ಪ ಮಸಿ. ಒರೆಸಿದರೆ ಹರಡಿಕೊಳ್ಳುತ್ತಿತ್ತು.

ಹೆಚ್ಚುಕಡಿಮೆ ಹದಿನೈದು ವರ್ಷ ಓಡಾಡಿದೆ. ಧರಣಿ, ಗ್ರಾಮಸಭೆ ಠರಾವು, 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, ಎಲ್ಲಾ ಆಯಿತು. ಒಂದು ಸಲ ಒಲೆ ಆರಿಸಿಯೂ ಬಿಟ್ಟೆವು, ಎಂಟೋ ಒಂಬತ್ತೋ ದಿನ. ಕೂಲಿ ಹೋಗಿದ್ದು ಉತ್ತರ ಪ್ರದೇಶದಿಂದ ಬಂದ ಹುಡುಗರದ್ದು. ಒಲೆ ಬಾಯಲ್ಲಿ ಕೂತು ಆ ಹೊಗೆ ಕುಡಿಯುತ್ತಿದ್ದವರೂ ಅವರೇ. ಆ ನೋವು ಇವತ್ತಿಗೂ ಇದೆ. ಆಮೇಲೆ ಮತ್ತೆ ಟೈರ್ ಲೋಡ್ ಬಂತು.

ಆಲೆಮನೆ ಯಜಮಾನರು ಕೇಳಿದ್ದು ಒಂದೇ ಮಾತು: ‘ನಿನ್ ಧಿಕ್ಕಾರಕ್ಕೆ ಉರಿ ಬತ್ತದೇನಪ್ಪಾ? ಸಿಪ್ಪೆ ಒಣಗಿಸ್ಕೊಡು, ನಾನ್ಯಾಕ್ ಟೈರ್ ಹಾಕ್ಲಿ?’

ಸರಿ ಅಣ್ಣ, ಒಣಗಿಸಿಯೇ ಕೊಡ್ತೀನಿ ಅಂದೆ. ಜೊತೆಯವರಿಗೇ ಬೇಸರ. ಅವರಿಗೆ ನಾನು ಶರಣಾದ ಹಾಗೆ ಕಂಡಿತು.

ಮೊದಲ ವರ್ಷ ಕೈ ಸುಟ್ಟಿತು. ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧ ನೀರೇ, ಅಲ್ವಾ. ಎರಡು ದಿನ ಬಿಸಿಲು ತೋರಿಸಿ, ಒಟ್ಟಿ, ಟಾರ್ಪಾಲ್ ಹೊದಿಸಿದೆವು. ಮೂರು ವಾರ ಬಿಟ್ಟು ಕೈ ಹಾಕಿದರೆ ಒಳಗೆ ಬಿಸಿ, ಬಿಳಿ ಬೂಷ್ಟು, ಹುಳಿ ವಾಸನೆ. ಸುಮಾರು 40,000 ಹೋಯಿತು. ಅರ್ಧ ನನ್ನದು, ಅರ್ಧ ಸ್ವಸಹಾಯ ಸಂಘದ ಹೆಣ್ಣುಮಕ್ಕಳದ್ದು. ಅವರು ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಮರುವರ್ಷ ಶಿವರಾತ್ರಿ ಕಳೆದ ಕೂಡಲೇ ಶುರು ಮಾಡಿದೆವು. ತೆಳ್ಳಗೆ ಹರಡುವುದು, ದಿನಕ್ಕೆರಡು ಸಲ ಮಗುಚುವುದು. ಹಿಡಿಯಲ್ಲಿ ಹಿಂಡಿದರೆ ಪಟಪಟ ಅನ್ನಬೇಕು. ನೆಲದಿಂದ ಎರಡಡಿ ಎತ್ತರ ಬಿದಿರಿನ ಅಟ್ಟಣೆ, ಮೇಲೆ ಹಳೇ ಶೀಟು, ನಾಲ್ಕೂ ಕಡೆ ಗಾಳಿಗೆ ಜಾಗ. ಎಲ್ಲಾ ಸೇರಿ ಒಂದೂಕಾಲು ಲಕ್ಷದ ಹತ್ತಿರ. ಒಲೆಯ ಗಾಳಿಕಿಂಡಿಯನ್ನೂ ಬದಲಿಸಿದೆ. ಅದರ ಅಳತೆ ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಒಲೆ ಮುಂದೆ ನಿಂತು ತೋರಿಸುತ್ತೇನೆ.

ನಡುವೆ ಮದ್ದೂರಿನಿಂದ ಎಳನೀರು ಬುರುಡೆ ತಂದೂ ನೋಡಿದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಡೆದರೆ ಒಳಗೆ ಹಸಿ. ಸೀಳಿ ಒಣಗಿಸಿದರೆ ಉರಿ ಚೆನ್ನಾಗಿದೆ, ಆದರೆ ಸೀಳುವ ಕೂಲಿಯೇ ಜಾಸ್ತಿ. ಬಿಟ್ಟೆ.

ಹೋದ ಮಳೆಗಾಲ ಪೂರ್ತಿ ನಮ್ಮ ಒಲೆಗೆ ಒಂದು ತುಂಡು ಟೈರ್ ಬಿದ್ದಿಲ್ಲ. ಒಂದು ಕೊಪ್ಪರಿಗೆ ಕಬ್ಬಿನ ಹಾಲು ಕಾಯಲು ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯಿತು, ಅಷ್ಟೇ. ಆಗುವುದಿಲ್ಲ ಅಂದವರು ಈಗ ಬಂದು ಅಟ್ಟಣೆ ಅಳೆದುಕೊಂಡು ಹೋಗುತ್ತಾರೆ. ಪಕ್ಕದೂರಿನ ಇಬ್ಬರು ಶೀಟು ಇಳಿಸಿಯೂ ಆಯಿತು. ಅದು ಅವರದ್ದೇ ದುಡ್ಡು.