ಮೊದಲು ಬರುವ 150 ರೂಪಾಯಿ: ‘ಟಾಸ್ಕ್’ ವಂಚನೆಯನ್ನು ಗುರುತಿಸುವುದು ಹೇಗೆ?

ಮನೆಯಲ್ಲೇ ಕುಳಿತು ದಿನಕ್ಕೆ ಎರಡು ಮೂರು ಸಾವಿರ ಸಂಪಾದಿಸಬಹುದು ಎಂಬ ಸಂದೇಶ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಯೂಟ್ಯೂಬ್ ವಿಡಿಯೊಗಳಿಗೆ ಲೈಕ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸುವುದು, ಕಂಡೂ ಕೇಳರಿಯದ ಹೋಟೆಲಿಗೆ ಗೂಗಲ್ ಮ್ಯಾಪ್‌ನಲ್ಲಿ ಐದು ನಕ್ಷತ್ರ ಕೊಡುವುದು, ಇಷ್ಟೇ ಕೆಲಸ; ಇದನ್ನೇ ‘ಟಾಸ್ಕ್’ ಎನ್ನುತ್ತಾರೆ. ಮೂರು ಲೈಕಿಗೆ 150 ರೂಪಾಯಿ ನಿಜವಾಗಿಯೂ ಖಾತೆಗೆ ಜಮೆಯಾಗುತ್ತದೆ. ಅನುಮಾನ ಮೂಡಬೇಕಾದದ್ದು ಆಗಲೇ. ಆದರೆ ಹೆಚ್ಚಿನವರ ಅನುಮಾನ ಕಳೆಯುವುದೂ ಆಗಲೇ.

ಮುಂದಿನ ಹಂತ ಟೆಲಿಗ್ರಾಂ ಗುಂಪು. ಅಲ್ಲಿ ‘ನನಗೆ ಹಣ ಬಂತು’ ಎಂದು ಚಿತ್ರ ಹಾಕುವವರಲ್ಲಿ ಬಹುಪಾಲು ವಂಚಕರ ಕಡೆಯವರೇ ಇರುತ್ತಾರೆ. ಸಾವಿರ ಕಟ್ಟಿದರೆ 1,300 ಎನ್ನುತ್ತಾರೆ, ಕೊಡುತ್ತಾರೆ ಕೂಡ. ಬಳಿಕ ಐದು ಸಾವಿರ, ಇಪ್ಪತ್ತು ಸಾವಿರ ಎಂದು ಮೊತ್ತ ಏರುತ್ತದೆ. ಅವರ ಜಾಲತಾಣದಲ್ಲಿ ನಿಮ್ಮ ಹೆಸರಿನ ಎದುರು ಲಕ್ಷಗಳು ಕಾಣಿಸುತ್ತವೆ, ಆದರೆ ಅವು ಅವರೇ ಬರೆದ ಅಂಕಿಗಳು. ಅದನ್ನು ಪಡೆಯಲು ಹೊರಟಾಗ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಮೊದಲನೆಯದಾಗಿ, ಮೂಲದಲ್ಲೇ ಕಡಿತವಾಗುವ ತೆರಿಗೆಯನ್ನು ಕೊಡಬೇಕಾದ ಹಣದಲ್ಲೇ ಮುರಿದುಕೊಳ್ಳುವುದು ಕ್ರಮವಾದ್ದರಿಂದ, ಕೂಲಿ ಕೊಡಬೇಕಾದವನೇ ನಿಮ್ಮಿಂದ ಹಣ ಕೇಳಿದ ಗಳಿಗೆಯಲ್ಲಿ ವ್ಯವಹಾರ ನಿಲ್ಲಿಸಿ.

ಎರಡನೆಯದಾಗಿ, ಪಿನ್ ಯಾವಾಗ ಬೇಕು ಎಂಬುದು ಸ್ಪಷ್ಟವಿರಲಿ. ಯುಪಿಐನಲ್ಲಿ ಹಣ ಕಳಿಸಲು ಅಥವಾ ಖಾತೆಯ ಶಿಲ್ಕು ನೋಡಲು ಪಿನ್ ಬೇಕೇ ಹೊರತು ಹಣ ಪಡೆಯಲು ಬೇಡ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರೂ ಕ್ಯೂಆರ್ ಕಳಿಸಿ ಮರುಳು ಮಾಡುವವರು ಇದ್ದೇ ಇದ್ದಾರೆ.

ಮೂರನೆಯದಾಗಿ, ಪಿನ್ ಒತ್ತುವ ಮುನ್ನ ಪರದೆಯಲ್ಲಿ ಕಾಣುವ ಹೆಸರನ್ನು ಓದಿ. ಕಂಪನಿಯ ಕೆಲಸವೆಂದು ಹೇಳಿ ಪ್ರತಿ ಬಾರಿಯೂ ಬೇರೆ ಬೇರೆ ವ್ಯಕ್ತಿಗಳ ಖಾತೆಗೆ ಹಣ ಹಾಕಿಸಿದರೆ, ಅವು ಬಾಡಿಗೆಗೆ ಪಡೆದ ಖಾತೆಗಳು ಎಂದೇ ತಿಳಿಯಬೇಕು. ಕಮಿಷನ್ ಆಸೆಗೆ ಸ್ವಂತ ಖಾತೆಯನ್ನು ಹೀಗೆ ಬಿಟ್ಟುಕೊಡುವ ಕಾಲೇಜು ಹುಡುಗರ ಮನೆಬಾಗಿಲಿಗೇ ಪೊಲೀಸರು ಮೊದಲು ಬರುವುದು.

ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಮತ್ತೊಂದು ಖಾತೆಗೆ ಜಾರುವ ಮೊದಲೇ ಅದನ್ನು ತಡೆಹಿಡಿಸುವುದು ಈ ಸಹಾಯವಾಣಿಯ ಉದ್ದೇಶವಾದ್ದರಿಂದ ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ವಹಿವಾಟಿನ 12 ಅಂಕಿಗಳ ಯುಟಿಆರ್ ಸಂಖ್ಯೆ, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ಕೈಯಲ್ಲಿರಲಿ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ; ಕರ್ನಾಟಕದಲ್ಲಿರುವವರು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ಗುಂಪಿನಿಂದ ಹೊರಬರುವ ಮೊದಲು ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ಏಕೆಂದರೆ ಟೆಲಿಗ್ರಾಂನಲ್ಲಿ ಅವರು ಎರಡೂ ಕಡೆಯ ಸಂದೇಶಗಳನ್ನು ಅಳಿಸಬಲ್ಲರು. ಕೆಲವು ದಿನಗಳ ನಂತರ, ಕಳೆದ ಹಣವನ್ನು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ ಎಂದು ಕರೆ ಬಂದರೆ ಅದು ಇದೇ ಆಟದ ಎರಡನೆಯ ಸುತ್ತು.