‘ಎಮ್’ ಹಾಡನ್ನು ನಾನು ಕಲಿತ ಬಗೆ

ಜಪಾನಿನಲ್ಲಿ ಐವತ್ತು ದಾಟಿದ ಹೆಂಗಸರ ಜೊತೆ ಕ್ಯಾರಿಯೋಕೆಗೆ ಹೋದರೆ ಒಂದು ಹಾಡು ಹೆಚ್ಚುಕಮ್ಮಿ ಬಂದೇ ಬರುತ್ತದೆ. ಹೆಸರು ‘ಎಮ್’. ಇಂಗ್ಲಿಷಿನ ಒಂದೇ ಅಕ್ಷರ. ಹಾಡಿದವರು ಪ್ರಿನ್ಸೆಸ್ ಪ್ರಿನ್ಸೆಸ್, ಐದು ಹುಡುಗಿಯರ ರಾಕ್ ಬ್ಯಾಂಡ್. ಇಲ್ಲಿಯವರು ಮುದ್ದಾಗಿ ‘ಪುರಿಪುರಿ’ ಎನ್ನುತ್ತಾರೆ. ಪಿಯಾನೋ ಶುರುವಾಗುತ್ತಿದ್ದಂತೆ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ಕೈಯಲ್ಲಿದ್ದ ಗ್ಲಾಸು ಕೆಳಗಿಳಿಯುತ್ತದೆ. ಮೈಕ್ ಒಬ್ಬರ ಹತ್ತಿರ ಇದ್ದರೂ ಎಲ್ಲರ ತುಟಿಯೂ ಅಲ್ಲಾಡುತ್ತಿರುತ್ತದೆ.

ನಾನು ಶಿವಮೊಗ್ಗದವಳು. ಚಿಕ್ಕಂದಿನಲ್ಲಿ ಸುಗಮ ಸಂಗೀತ ಕಲಿತಿದ್ದೆ, ಈಗ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಹಾಡಿದ್ದನ್ನು ಕೇಳಿ, ಇದನ್ನು ನಾನೂ ಹಾಡಲೇಬೇಕು ಅಂತ ಹಟ ಹಿಡಿದು ಕಲಿತೆ. ಜಪಾನೀ ಹಾಡು ಕಲಿಯುವ ಆಸೆ ಇರುವ ನಮ್ಮವರು ಯಾರಾದರೂ ಇದ್ದರೆ ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಜೊತೆಗೆ, ಈ ಹಾಡೆಂದರೆ ನನಗೆ ಎಷ್ಟು ಇಷ್ಟ ಅಂತ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಬೇಕು ಅನಿಸಿದೆ.

ಬ್ಯಾಂಡಿನ ಕಥೆ ಮೊದಲು ಸ್ವಲ್ಪ ಹೇಳುತ್ತೇನೆ. 1983ರಲ್ಲಿ ಟಿಡಿಕೆ ರೆಕಾರ್ಡ್ಸ್ ಆಡಿಷನ್ ನಡೆಸಿ ಈ ಐವರನ್ನು ಒಟ್ಟು ಮಾಡಿತು. ಹಾಡುವವರು ಒಕುಯಿ ಕವೊರಿ. ಗಿಟಾರ್ ನಕಯಾಮ ಕನಾಕೊ, ಬಾಸ್ ವತನಾಬೆ ಅತ್ಸುಕೊ, ಕೀಬೋರ್ಡ್ ಕೊನ್ನೊ ತೊಮೊಕೊ, ಡ್ರಮ್ಸ್ ತೊಮಿತ ಕ್ಯೋಕೊ. ಮೊದಲಿದ್ದ ಹೆಸರು ‘ಅಕಸಾಕ ಕೊಮಾಚಿ’. ಆ ಹೆಸರಿನಲ್ಲಿ ಅಷ್ಟೇನೂ ನಡೆಯಲಿಲ್ಲ. 1986ರಲ್ಲಿ ಪ್ರಿನ್ಸೆಸ್ ಪ್ರಿನ್ಸೆಸ್ ಅಂತ ಹೆಸರಿಟ್ಟುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. 1989ರ ಜನವರಿಯಲ್ಲಿ ಟೋಕಿಯೋದ ಬುಡೋಕಾನ್ ಅನ್ನೋ ದೊಡ್ಡ ಸಭಾಂಗಣದಲ್ಲಿ ಅವರದೇ ಕಾರ್ಯಕ್ರಮ. ಬರೀ ಹುಡುಗಿಯರ ಜಪಾನೀ ಬ್ಯಾಂಡೊಂದು ಆ ವೇದಿಕೆಯನ್ನು ತಾನೇ ತುಂಬಿದ್ದು ಅದೇ ಮೊದಲು. ಅದೇ ಏಪ್ರಿಲ್‌ನಲ್ಲಿ ‘ಡೈಮಂಡ್ಸ್’ ಅನ್ನೋ ಸಿಂಗಲ್, ಅಂದರೆ ಒಂದೆರಡು ಹಾಡಿನ ಪುಟ್ಟ ಸಿಡಿ, ಬಂತು. ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಜಪಾನಿನಲ್ಲಿ ಹಾಡುಗಳ ಮಾರಾಟ ಲೆಕ್ಕ ಹಾಕುವ ಒರಿಕಾನ್‌ನ ಆ ವರ್ಷದ ಸಿಂಗಲ್ಸ್ ಪಟ್ಟಿಯಲ್ಲಿ ಮೊದಲನೇ ಜಾಗವೂ ಇವರದೇ, ಎರಡನೇ ಜಾಗವೂ ಇವರದೇ.

‘ಎಮ್’ ಇದ್ದದ್ದು ಆ ‘ಡೈಮಂಡ್ಸ್’ ಸಿಂಗಲ್‌ನ ಎರಡನೇ ಹಾಡಾಗಿ. ಅದಕ್ಕೂ ಮುಂಚೆ, 1988ರ ನವೆಂಬರಿನ ‘ಲೆಟ್ಸ್ ಗೆಟ್ ಕ್ರೇಜಿ’ ಆಲ್ಬಮ್‌ನಲ್ಲಿ ಬಂದಿತ್ತು. ಅಂದರೆ ಯಾರೂ ಇದನ್ನು ಮುಂದೆ ನಿಲ್ಲಿಸಿ ಮೆರೆಸಲಿಲ್ಲ. ಕುಣಿಯುವ ಹಾಡು ಬೇಕು ಅಂತ ಸಿಂಗಲ್ ತಂದ ಹುಡುಗಿಯರು ರಾತ್ರಿ ಒಬ್ಬರೇ ಕೂತು ಎರಡನೇ ಹಾಡು ಕೇಳಿದರು. ನನ್ನ ಸಹೋದ್ಯೋಗಿ ಆಗ ಹೈಸ್ಕೂಲಿನಲ್ಲಿದ್ದವರು. ಆ ಕಾಲದ ಎಂಟು ಸೆಂಟಿಮೀಟರಿನ ಪುಟ್ಟ ಸಿಡಿ, ಉದ್ದನೆಯ ಕಾಗದದ ಹೊದಿಕೆಯಲ್ಲಿ ಬರುತ್ತಿತ್ತಲ್ಲ, ಅದನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ಅಂಗಡಿಯಲ್ಲಿ ಕೊಂಡದ್ದು ‘ಡೈಮಂಡ್ಸ್’, ಮನೆಗೆ ಬಂದದ್ದು ‘ಎಮ್’ ಅಂತ ಅವರು ಹೇಳುತ್ತಾರೆ.

ಹಾಡಿನಲ್ಲಿ ನಡೆಯುವುದು ಏನೂ ಇಲ್ಲ. ಒಬ್ಬಳು ಹುಡುಗಿಯನ್ನು ಅವಳ ಹುಡುಗ ಬಿಟ್ಟುಹೋಗಿದ್ದಾನೆ. ಋತು ಬದಲಾಗುತ್ತಿದೆ, ಮನಸ್ಸು ಮಾತ್ರ ನಿಂತಲ್ಲೇ ನಿಂತಿದೆ. ತನ್ನ ಬಲಗಡೆ ಅವನಿಲ್ಲದೆ ನಡೆಯುವುದು ಸ್ವಲ್ಪ ಅಭ್ಯಾಸ ಆಯಿತು ಅಂದುಕೊಂಡಿದ್ದಳು, ಆದರೂ ಅಳು ಬರುತ್ತದೆ. ಅವನು ವಾಪಸು ಬರಲಿ ಅಂತ ಅವಳು ಕೇಳುವುದಿಲ್ಲ. ಮರೆಯುವುದಕ್ಕೆ ಧೈರ್ಯ ಇದ್ದರೆ ಸಾಕು ಎನ್ನುತ್ತಾಳೆ. ವಿಳಾಸದ ಪುಸ್ತಕದಲ್ಲಿ ಅವನ ಹೆಸರು ಅಳಿಸಲು ಆಗುವುದಿಲ್ಲ, ‘ಎಮ್’ ಅಕ್ಷರದ ಪುಟದ ಮೇಲೆ ಬೆರಳಾಡಿಸುತ್ತಾಳೆ. ಅಷ್ಟೇ.

ಮೊಬೈಲ್ ಇಲ್ಲದ ಕಾಲದ ಮಾತು ಅದು. ಎ ಇಂದ ಝಡ್ ತನಕ ಅಂಚು ಕತ್ತರಿಸಿದ ಪುಟಗಳಿರುವ ಸಣ್ಣ ಪುಸ್ತಕ. ನಮ್ಮ ಮನೆಯಲ್ಲೂ ಲ್ಯಾಂಡ್‌ಲೈನ್ ಪಕ್ಕ ಅಂಥದ್ದೊಂದು ಇರುತ್ತಿತ್ತು. ಫೋನಿನಲ್ಲಿ ನಂಬರು ಡಿಲೀಟ್ ಮಾಡಿದರೆ ಗುರುತೂ ಉಳಿಯುವುದಿಲ್ಲ. ಪುಸ್ತಕದಲ್ಲಿ ಹಾಗಲ್ಲ. ಗೀಚಿ ಹಾಕಿದರೂ ಅಡಿಯಲ್ಲಿ ಹೆಸರು ಕಾಣುತ್ತಲೇ ಇರುತ್ತದೆ.

ಈ ಮಾತುಗಳನ್ನು ಬರೆದದ್ದು ಡ್ರಮ್ಸ್ ಬಾರಿಸುವ ತೊಮಿತ ಕ್ಯೋಕೊ, ತನ್ನದೇ ಮುರಿದ ಪ್ರೀತಿಯಿಂದ. ರಾಗ ಹಾಕಿ ಹಾಡಿದವರು ಒಕುಯಿ ಕವೊರಿ. ಇದು ಗೊತ್ತಾದ ಮೇಲೆ ನಾನು ಹಾಡುವ ರೀತಿಯೇ ಬದಲಾಯಿತು. ಯೋಚಿಸಿ: ಅಳು ಹಿಂದೆ ಕೂತವಳದು, ದನಿ ಮುಂದೆ ನಿಂತವಳದು. ಗೆಳತಿಯ ದುಃಖವನ್ನು ಗೆಳತಿ ಹಾಡುತ್ತಿದ್ದಾಳೆ, ದುಃಖ ಪಟ್ಟವಳು ಹಿಂದೆ ತಾಳ ಹಿಡಿದು ಕೂತಿದ್ದಾಳೆ. ಡ್ರಮ್ಸ್ ಬಾರಿಸುವವಳು ಅಳುತ್ತಾ ಕೂತರೆ ಆಗುವುದಿಲ್ಲ. ತಾಳ ತಪ್ಪಿದರೆ ಐದೂ ಜನ ಬಿದ್ದರು ಅಂತಲೇ ಅರ್ಥ. ಈ ಹಾಡಿನ ಕೋಮಲತೆ ಇರುವುದು ಅಲ್ಲೇ ಅಂತ ನನ್ನ ಅಭಿಪ್ರಾಯ. ಎದೆ ತುಂಬಿ ಬಂದರೂ ತಾಳ ಬಿಡದೇ ಹೋಗುತ್ತದೆ.

ಇನ್ನು ಕಲಿತ ಬಗೆ. ಸಾಹಿತ್ಯವನ್ನು ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಲಿಲ್ಲ, ಕನ್ನಡದಲ್ಲಿ ಬರೆದುಕೊಂಡೆ. ಜಪಾನೀ ಭಾಷೆಗೆ ನಮ್ಮ ಲಿಪಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಬರೆದು ನೋಡಿದರೇ ಗೊತ್ತಾಗುತ್ತದೆ. ನಮ್ಮಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಜಪಾನೀ ಭಾಷೆಯಲ್ಲೂ ಈ ಗಿಡ್ಡ, ಉದ್ದದ ವ್ಯತ್ಯಾಸ ಮುಖ್ಯ. ನನ್ನ ಜೊತೆ ಕೆಲಸ ಮಾಡುವ ಹಿಂದಿಯವರು ನಾಗರಿಯಲ್ಲಿ ಬರೆದುಕೊಂಡಾಗ ಅದು ಹಾರಿಹೋಗುತ್ತಿತ್ತು. ನನ್ನ ಹಾಳೆಯಲ್ಲಿ ಉಳಿಯುತ್ತಿತ್ತು.

ಇನ್ನೊಂದು ಅನುಕೂಲ ಛಂದಸ್ಸಿನದು. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಪ್ರಸ್ತಾರ ಮಾಡಿದ್ದೇವಲ್ವಾ, ಅದು ಇಲ್ಲಿ ಕೈಹಿಡಿಯಿತು. ಜಪಾನೀ ಮಾತಿನ ಲೆಕ್ಕವೂ ಮಾತ್ರೆಯದೇ. ‘ಇಶ್ಶೊ’ ಅಂದರೆ ಜೊತೆಗೆ. ಹಾಡಿನ ಮೊದಲ ಸಾಲಿನಲ್ಲೇ ಬರುವ ಪದ. ನಮ್ಮ ಲೆಕ್ಕದಲ್ಲಿ ಒತ್ತಕ್ಷರದ ಹಿಂದಿನ ‘ಇ’ ಗುರು, ‘ಶೊ’ ಲಘು, ಒಟ್ಟು ಮೂರು ಮಾತ್ರೆ. ಅವರ ಲೆಕ್ಕದಲ್ಲೂ ಮೂರೇ. ‘ನಿಹೊನ್’, ಅಂದರೆ ಜಪಾನ್, ಮೂರು, ‘ತೋಕ್ಯೋ’ ನಾಲ್ಕು, ಎರಡು ಕಡೆಯೂ ತಾಳೆಯಾಗುತ್ತದೆ. ಹಾಡುವಾಗ ಸಾಮಾನ್ಯವಾಗಿ ಒಂದು ಮಾತ್ರೆಗೆ ಒಂದು ಸ್ವರ ಸಿಗುತ್ತದೆ. ಹಾಗಾಗಿ ಹಾಳೆಯಲ್ಲಿ ಪ್ರತಿ ಸಾಲಿನ ಮೇಲೆ ಲಘು ಗುರು ಗುರುತು ಹಾಕಿಕೊಂಡೆ. ಮೊದಲ ಕೆಲವು ದಿನ ರಾಗವೇ ಬೇಡ ಅಂತ ಬಿಟ್ಟು, ತೊಡೆ ತಟ್ಟಿಕೊಂಡು ಸುಮ್ನೆ ಓದಿದೆ, ಭಾಮಿನಿ ಷಟ್ಪದಿ ಓದುವಾಗ ಓದುತ್ತಿದ್ದ ಹಾಗೆ. ಮಾತ್ರೆ ನಾಲಿಗೆಗೆ ಕೂತ ಮೇಲೆ ರಾಗ ತಾನಾಗಿ ಬಂದು ಕೂತಿತು.

ಕಷ್ಟ ಇದ್ದದ್ದು ಗಮಕದಲ್ಲಿ. ಸುಗಮ ಸಂಗೀತದ ಗಂಟಲಿಗೆ ಸ್ವರವನ್ನು ನೆಟ್ಟಗೆ ನಿಲ್ಲಿಸುವುದು ಗೊತ್ತಿರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗುತ್ತದೆ. ಇಲ್ಲಿಯ ಕ್ಯಾರಿಯೋಕೆ ಯಂತ್ರದಲ್ಲಿ ಅಂಕ ಕೊಡುವ ವ್ಯವಸ್ಥೆ ಇದೆ. ಬರೀ ಅಂಕ ಅಲ್ಲ, ಎಲ್ಲಿ ದನಿ ಜಾರಿಸಿದಿರಿ, ಎಲ್ಲಿ ನಡುಗಿಸಿದಿರಿ, ಎಲ್ಲಿ ಹೊರಳಿಸಿದಿರಿ ಅಂತ ಪರದೆಯ ಮೇಲೆ ಸಣ್ಣ ಸಣ್ಣ ಗುರುತು ಮೂಡಿಸುತ್ತದೆ. ದನಿ ಹೊರಳಿಸುವುದಕ್ಕೆ ಇವರು ‘ಕೊಬುಶಿ’ ಎನ್ನುತ್ತಾರೆ. ಎಂಕ ಅನ್ನೋ ಹಳೆಯ ಬಗೆಯ ಹಾಡುಗಳಲ್ಲಿ ಅದು ಬಲು ಮುಖ್ಯ. ನಾನು ಹಾಡಿದಾಗ ಪರದೆಯ ತುಂಬ ಕೊಬುಶಿಯ ಗುರುತು. ಸಹೋದ್ಯೋಗಿ ಖುಷಿಯಿಂದ ಚಪ್ಪಾಳೆ ತಟ್ಟಿದರು, ಆಮೇಲೆ ಮೆಲ್ಲಗೆ, ‘ಚೆನ್ನಾಗಿದೆ, ಆದರೆ ಇದು ಎಂಕ ಅಲ್ಲ, ಹಾಡಿನ ಹುಡುಗಿಗೆ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸು’ ಎಂದರು.

ಆ ಮಾತು ನನಗೆ ದಾರಿ ತೋರಿಸಿತು. ಸ್ವರ ನೆಟ್ಟಗೆ ನಿಲ್ಲಿಸಲು ನಾನು ಮಾಡಿದ ಅಭ್ಯಾಸ ಹೀಗಿತ್ತು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು, ಹಾಡಿನ ಪಲ್ಲವಿ ಭಾಗವನ್ನು ಬರೀ ‘ಉ’ಕಾರದಲ್ಲಿ, ತುಂಬ ನಿಧಾನವಾಗಿ ಹಾಡುವುದು. ‘ಆ’ಕಾರದಲ್ಲಿ ಗಂಟಲು ಆಟಕ್ಕೆ ಇಳಿಯುತ್ತದೆ, ‘ಉ’ಕಾರದಲ್ಲಿ ಅಷ್ಟು ಇಳಿಯುವುದಿಲ್ಲ. ಸ್ವರ ಅಲ್ಲಾಡಿದರೆ ತಂಬೂರಿಯ ಎದುರು ತಕ್ಷಣ ಕೇಳಿಸುತ್ತದೆ. ಆಮೇಲೆ ಅದನ್ನೇ ಮಾತಿನ ಜೊತೆ. ಹಾಗಂತ ಗಮಕವನ್ನು ಪೂರ್ತಿ ಬಿಡಲಿಲ್ಲ. ಬಲಗಡೆ ಅವನಿಲ್ಲ ಅನ್ನೋ ಸಾಲಿನ ಕೊನೆಯಲ್ಲಿ ಒಂದೇ ಒಂದು ಸಣ್ಣ ಜಾರು ಇಟ್ಟುಕೊಂಡೆ. ಅದು ನನ್ನೂರಿನದು, ಇರಲಿ ಅಂತ.

ಉಸಿರಿನ ಬಗ್ಗೆಯೂ ಹೇಳಬೇಕು. ಮೊದಲ ಚರಣ ಮಾತಾಡುವಷ್ಟು ಮೆಲ್ಲಗೆ ಇರುತ್ತದೆ. ಮುಂದೆ ಪಲ್ಲವಿ ಮೇಲೇರುತ್ತದೆ, ಡ್ರಮ್ಸ್ ಬಂದು ಸೇರುತ್ತದೆ. ಎಲ್ಲರಿಗೂ ಶುರುವಿನಿಂದಲೇ ಅಳು ತುಂಬಿಕೊಂಡು ಹಾಡುವ ಆಸೆ. ಹಾಗೆ ಹಾಡಿದರೆ ಪಲ್ಲವಿಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ನಾನು ಮೊದಲ ಚರಣವನ್ನು ಪಕ್ಕದಲ್ಲಿ ಮಗು ಮಲಗಿರುವಾಗ ಫೋನಿನಲ್ಲಿ ಮಾತಾಡುವ ಹಾಗೆ ಹಾಡುತ್ತೇನೆ. ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ದನಿ ಕಡಿಮೆ. ಪಲ್ಲವಿಯಲ್ಲಿ ಮೈಕು ಸ್ವಲ್ಪ ದೂರ. ಸ್ಥಾಯಿ ಎತ್ತರ ಅನಿಸಿದರೆ ರಿಮೋಟಿನಲ್ಲಿ ಕೀ ಇಳಿಸುವ ಗುಂಡಿ ಇದೆ, ಸಂಕೋಚ ಬೇಡ. ನಾನು ಇಳಿಸಿಕೊಂಡೇ ಹಾಡುತ್ತೇನೆ. ಕಿರುಚಿ ಮೂಲ ಶ್ರುತಿ ಮುಟ್ಟುವುದಕ್ಕಿಂತ ಇಳಿಸಿಕೊಂಡು ಮೆತ್ತಗೆ ಹಾಡುವುದೇ ಈ ಹಾಡಿಗೆ ಮರ್ಯಾದೆ.

ನಡುವೆ ಇಂಗ್ಲಿಷ್ ಸಾಲುಗಳೂ ಬರುತ್ತವೆ. ಅವನ್ನು ಇಂಗ್ಲಿಷಿನ ಹಾಗೆ ಹಾಡಲು ಹೋಗಬೇಡಿ. ಒಕುಯಿ ಅವರು ಆ ಪದಗಳಿಗೂ ಜಪಾನೀ ಮಾತ್ರೆಯನ್ನೇ ಕೊಟ್ಟಿದ್ದಾರೆ. ಅವನ್ನೂ ಕನ್ನಡದಲ್ಲಿ ಬರೆದುಕೊಂಡರೆ ಸರಿಯಾಗಿ ಕೂರುತ್ತವೆ.

ಅಭಿಮಾನಿಗಳ ಜೊತೆ ಹಾಡುವುದೇ ಒಂದು ಪಾಠ. ನಮ್ಮ ಗುಂಪಿನಲ್ಲಿ ನಾಲ್ಕೈದು ಹೆಂಗಸರು, ಒಬ್ಬರಿಬ್ಬರು ಗಂಡಸರೂ ಇದ್ದಾರೆ. ಗಂಡಸರಿಗೂ ಈ ಹಾಡು ಅಷ್ಟೇ ಇಷ್ಟ. ಅವರು ಯಾರೂ ಇದನ್ನು ಜೋರಾಗಿ ಒಟ್ಟಿಗೆ ಹಾಡುವುದಿಲ್ಲ. ‘ಡೈಮಂಡ್ಸ್’ ಬಂದರೆ ಎಲ್ಲರೂ ಎದ್ದು ನಿಂತು ಕೂಗುತ್ತಾರೆ. ‘ಎಮ್’ ಬಂದರೆ ಮೈಕ್ ಹಿಡಿದವರಿಗೇ ಬಿಡುತ್ತಾರೆ. ಪುಟದ ಸಾಲು ಬಂದಾಗ ಒಬ್ಬರು ಮೇಜಿನ ಮೇಲೆ ತೋರುಬೆರಳಿಂದ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಾರೆ. ಪ್ರತಿ ಸಲವೂ. ಯಾರ ಹೆಸರು ಅಂತ ಯಾರೂ ಕೇಳುವುದಿಲ್ಲ. ಬೇರೆಯವರ ನೋವನ್ನು ಕೆದಕದೆ ಅದರ ಪಕ್ಕ ಕೂರುವುದು ಈ ಜನಕ್ಕೆ ಚೆನ್ನಾಗಿ ಗೊತ್ತು.

ಬ್ಯಾಂಡ್ 1996ರ ಮೇ 31ರಂದು ಬುಡೋಕಾನ್‌ನಲ್ಲೇ ಕೊನೆಯ ಕಾರ್ಯಕ್ರಮ ಕೊಟ್ಟು ನಿಂತಿತು. ಐವರೂ ಬೇರೆ ಬೇರೆ ಬದುಕಿಗೆ ಹೋದರು. 2011ರ ಮಾರ್ಚಿನಲ್ಲಿ ಜಪಾನಿನ ಈಶಾನ್ಯದ ತೊಹೊಕು ಪ್ರದೇಶದಲ್ಲಿ ಭೂಕಂಪ, ಸುನಾಮಿ ಆಯಿತು. ಸಂತ್ರಸ್ತರಿಗೆ ನೆರವಾಗಬೇಕು ಅಂತಲೇ 2012ರಲ್ಲಿ ಮತ್ತೆ ಐವರೂ ಒಂದಾದರು. ತೊಹೊಕುವಿನ ಸೆಂಡೈ ನಗರ, ಬುಡೋಕಾನ್, ಟೋಕಿಯೋ ಡೋಮ್‌ಗಳಲ್ಲಿ ಹಾಡಿದರು. ಬಂದ ಹಣದಲ್ಲಿ ಒಂದು ಪಾಲು ಸೆಂಡೈಯಲ್ಲಿ ಸಂಗೀತದ ಸಭಾಂಗಣ ಕಟ್ಟಲು ಹೋಯಿತು. ‘ಸೆಂಡೈ ಪಿಟ್’ ಅಂತ ಅದರ ಹೆಸರು. 2016ರ ಮಾರ್ಚಿನಲ್ಲಿ ಅದು ಬಾಗಿಲು ತೆರೆದಾಗ ಮೊದಲು ಹಾಡಿದವರೂ ಇವರೇ.

ನಮ್ಮ ಗುಂಪಿನಲ್ಲಿ ಸೆಂಡೈ ಕಡೆಯವರೊಬ್ಬರಿದ್ದಾರೆ. ಹದಿನೇಳನೇ ವಯಸ್ಸಿನಲ್ಲಿ ‘ಎಮ್’ ಕೇಳಿದಾಗ ಒಬ್ಬ ಹುಡುಗನ ನೆನಪಾಗುತ್ತಿತ್ತಂತೆ. 2011ರ ನಂತರ ಆ ಹಾಡಿನ ಅರ್ಥವೇ ಬೇರೆಯಾಯಿತು ಎಂದರು. ಪುಸ್ತಕದಲ್ಲಿ ಹೆಸರಿದೆ, ನಂಬರಿದೆ, ಫೋನ್ ಎತ್ತುವವರಿಲ್ಲ. ಅಷ್ಟು ಹೇಳಿ ಅವರು ಮುಂದಿನ ಹಾಡು ಹುಡುಕತೊಡಗಿದರು. ಅದಾದ ಮೇಲೆ ನಾನು ಆ ಸಾಲನ್ನು ಹಾಡುವಾಗ ಹುಡುಗ ಹುಡುಗಿಯ ಚಿತ್ರ ಮಾತ್ರ ಕಣ್ಣಿಗೆ ಬರುವುದಿಲ್ಲ. ನಮ್ಮ ತಂದೆಯ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ.

ಟೋಕಿಯೋದಲ್ಲಿ ಇರುವವರು ಹಾಡಿ ನೋಡುವುದಾದರೆ ಒಂದು ವಿಷಯ ಗಮನಿಸಿ. ಯಂತ್ರದಲ್ಲಿ ‘ಎಮ್’ ಅಂತ ಹುಡುಕಿದರೆ ಹಮಸಾಕಿ ಅಯುಮಿ 2000ದಲ್ಲಿ ಹಾಡಿದ ಅದೇ ಹೆಸರಿನ ಹಾಡೂ ಬರುತ್ತದೆ. ಅದು ಬೇರೆ. ಬ್ಯಾಂಡಿನ ಹೆಸರು ಹಾಕಿ ಹುಡುಕಿ. ಪರದೆಯಲ್ಲಿ ಕಾಂಜಿಯ, ಅಂದರೆ ಚೀನೀ ಮೂಲದ ಅಕ್ಷರಗಳ, ಮೇಲೆ ಓದುವ ಬಗೆಯನ್ನು ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ, ಹಿರಗಾನ ಅನ್ನೋ ಸುಲಭದ ಜಪಾನೀ ಅಕ್ಷರಮಾಲೆ ಬಂದರೆ ಸಾಕು. ಮೊದಲು ಒಬ್ಬರೇ ಹೋಗಿ. ಒಬ್ಬರೇ ಬಂದು ಹಾಡುವವರು ಇಲ್ಲಿ ಬೇಕಾದಷ್ಟು ಜನ, ಯಾರೂ ತಿರುಗಿ ನೋಡುವುದಿಲ್ಲ. ವಾರದ ನಡುವೆ ಹಗಲಿನಲ್ಲಿ ಬಾಡಿಗೆಯೂ ಕಡಿಮೆ. ಆಮೇಲೆ ಐವತ್ತು ದಾಟಿದ ಸಹೋದ್ಯೋಗಿಗಳು ಯಾರಾದರೂ ಇದ್ದರೆ ಅವರನ್ನು ಕರೆದುಕೊಂಡು ಹೋಗಿ, ಮೊದಲು ಅವರೇ ಹಾಡಲಿ.