ಬರ್ಲಿನ್‌ನಲ್ಲಿ ಡ್ರಾ ಆಯ್ತಾ? ಆ ಆಟವನ್ನು ಹೀಗೆ ಬಿಡಿಸಿ ನೋಡಿ

ಚೆಸ್‌ನಲ್ಲಿ ಸೋತ ಆಟವನ್ನಾದರೆ ರಾತ್ರಿಯೆಲ್ಲ ಕೆದಕುತ್ತೇವೆ. ಡ್ರಾ ಆದರೆ ನಡೆ ಬರೆದ ಸ್ಕೋರ್‌ಶೀಟ್ ಮಡಚಿ ಬ್ಯಾಗಿಗೆ ತುರುಕುತ್ತೇವೆ, ಅಲ್ವಾ? ಓಪನಿಂಗ್ (ಆಟದ ಮೊದಲ ನಡೆಗಳು) ಬರ್ಲಿನ್ ಡಿಫೆನ್ಸ್ ಆಗಿದ್ದರೆ ಹಾಗೆ ಮಾಡಬೇಡಿ.

ಮೊದಲು ಎಂಜಿನ್, ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಮುಚ್ಚಿಡಿ. ಅದು ಸುಮ್ನೆ ಸೊನ್ನೆ ಸೊನ್ನೆ, ಅಂದರೆ ಇಬ್ಬರೂ ಸಮ, ಅಂತ ತೋರಿಸುತ್ತಾ ಹೋಗುತ್ತದೆ. ಆ ಸೊನ್ನೆಯಲ್ಲೇ ಒಬ್ಬರಿಗೆ ಆಟ ಸಲೀಸು, ಇನ್ನೊಬ್ಬರಿಗೆ ಪ್ರಾಣಸಂಕಟ.

ಶುರು ನಿಮಗೆ ಗೊತ್ತೇ ಇದೆ: ಇ4 ಇ5, ಕುದುರೆ ಎಫ್3 ಕುದುರೆ ಸಿ6, ಬಿಷಪ್ ಬಿ5 ಕುದುರೆ ಎಫ್6. ಬಿಳಿ ಕ್ಯಾಸಲ್ ಮಾಡುತ್ತದೆ, ಕಪ್ಪು ಕುದುರೆ ಇ4 ಪಾನ್ ತಿನ್ನುತ್ತದೆ, ಡಿ4, ಕುದುರೆ ಡಿ6. ಇಲ್ಲಿ ದಾರಿ ಒಡೆಯುತ್ತದೆ. ಬಿಳಿ ನೇರವಾಗಿ ಇ5 ತಿಂದು, ಕ್ವೀನ್‌ಗಳು ಇ4-ಡಿ4, ಇ6-ಡಿ6 ಅಂತ ಓಡಾಡಿ 14ನೇ ನಡೆಗೆ ಮುಗಿದಿದ್ದರೆ ನೋಡುವುದಕ್ಕೆ ಏನೂ ಇಲ್ಲ, ಮುಂದಿನ ರೌಂಡಿಗೆ ಓದಿಕೊಳ್ಳಿ.

ಬಿಳಿ ಮೊದಲು ಬಿಷಪ್‌ನಿಂದ ಸಿ6 ಹೊಡೆದು, ಎಂಟನೇ ನಡೆಗೇ ಕ್ವೀನ್‌ಗಳು ಬದಲಾಗಿದ್ದರೆ ಆಟ ಇರುವುದು ಅಲ್ಲಿ. 2000ರಲ್ಲಿ ಲಂಡನ್‌ನ ವಿಶ್ವ ಪಟ್ಟದ ಪಂದ್ಯದಲ್ಲಿ ಚಾಂಪಿಯನ್ ಕ್ಯಾಸ್ಪರೋವ್ ವಿರುದ್ಧ ಕ್ರಾಮ್ನಿಕ್ ಕಪ್ಪು ಕಾಯಿಗಳಲ್ಲಿ ನಾಲ್ಕು ಸಲ ಬರ್ಲಿನ್ ಆಡಿದರು, ನಾಲ್ಕೂ ಡ್ರಾ. ಕ್ಯಾಸ್ಪರೋವ್ ಒಂದೂ ಆಟ ಗೆಲ್ಲದೆ ಪಟ್ಟ ಬಿಟ್ಟುಕೊಟ್ಟರು.

ಈಗ ಬೋರ್ಡಿನಿಂದ ರಾಜರು, ಪಾನ್‌ಗಳು ಬಿಟ್ಟು ಎಲ್ಲವನ್ನೂ ತೆಗೆದಿಡಿ. ರಾಜನ ಕಡೆ ಬಿಳಿಗೆ ನಾಲ್ಕು ಪಾನ್, ಕಪ್ಪಿಗೆ ಮೂರು. ಇನ್ನೊಂದು ಕಡೆ ಕಪ್ಪಿಗೆ ನಾಲ್ಕಿದ್ದರೂ ಸಿ ಸಾಲಿನಲ್ಲಿ ಎರಡು ಒಂದರ ಹಿಂದೊಂದು ಸಿಕ್ಕಿಕೊಂಡಿವೆ, ಪಾಸ್ಡ್ ಪಾನ್ (ಎದುರಾಳಿಯ ಯಾವ ಪಾನ್ ಕೂಡ ತಡೆಯಲಾಗದ ಪಾನ್) ಸುಲಭಕ್ಕೆ ಹುಟ್ಟುವುದಿಲ್ಲ. ಅಂದರೆ ಎಲ್ಲ ಬದಲಾಗಿ ಬರೀ ಪಾನ್‌ಗಳೇ ಉಳಿದರೆ ಬಿಳಿಗೇ ಗೆಲುವು. ಹಾಗಾಗಿ ಸ್ಕೋರ್‌ಶೀಟಿನಲ್ಲಿ ಕಾಯಿ ಬದಲಾದ ಪ್ರತಿ ನಡೆಗೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ‘ಇದು ಯಾರಿಗೆ ಬೇಕಿತ್ತು’ ಅಂತ ಬರೆಯಿರಿ. ಕಪ್ಪು ಆಡಿದವರು ಎರಡು ಬಿಷಪ್‌ಗಳ ಜೋಡಿ ಯಾಕೆ ಒಡೆದೆ ಅಂತ ಕೇಳಿಕೊಳ್ಳಿ. ಬೇರೆ ಬಣ್ಣದ ಮನೆಗಳ ಬಿಷಪ್‌ಗಳು ಉಳಿಯಲಿ, ಇ6ನಲ್ಲಿ ಬಿಳಿ ಪಾನ್‌ಗೆ ಅಡ್ಡ ಕೂರೋಣ ಅಂತಿದ್ದರೆ ಒಳ್ಳೆಯ ಉತ್ತರ. ‘ಸುಮ್ನೆ ಬದಲಾಯಿಸಿದೆ’ ಅಂದರೆ ನಿಮ್ಮದು ಅದೃಷ್ಟದ ಡ್ರಾ.

ಕೊನೆಗೆ ಡ್ರಾ ಆದ ರೀತಿ ನೋಡಿ. ಆಫರ್ ಕೊಡುವುದು ನಡೆ ಆಡಿದ ಮೇಲೆ, ಗಡಿಯಾರ ಒತ್ತುವ ಮೊದಲು. ನಿಮ್ಮ ನಡೆಯಿಂದ ಅದೇ ಸ್ಥಿತಿ ಮೂರನೇ ಸಲ ಬರುವುದಾದರೆ ಕಾಯಿ ಮುಟ್ಟಬೇಡಿ, ನಡೆಯನ್ನು ಬರೆದು ಆರ್ಬಿಟರ್ (ತೀರ್ಪುಗಾರ) ಕರೆದು ಡ್ರಾ ಕ್ಲೇಮ್ ಮಾಡಿ. ನಾನೊಮ್ಮೆ ಖುಷಿಯಲ್ಲಿ ರೂಕ್ ಮುಟ್ಟಿಬಿಟ್ಟು ಆ ಕ್ಲೇಮ್ ಕಳೆದುಕೊಂಡು, ಇನ್ನೂ 40 ನಡೆ ಒದ್ದಾಡಿದ್ದೇನೆ.

ಎಂಜಿನ್ ಈಗ ತೆರೆಯಿರಿ, ಪೆನ್ಸಿಲ್ ಗುರುತು ಇರುವ ಕಡೆ ಮಾತ್ರ.